ಕತ್ತಲಾದ ಮೇಲೆ ಹೊಡೆದ ಶಿಳ್ಳೆ

ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ. ಮನೆಯಿಂದ ಒಂದೇ ಸಲ ಹೊರಟ, ಎರಡು ಸಲ ವಾಪಸ್ ಬಂದ. ಯಾರು?

ಆಗಲ್ಲ ಬಿಡಿ. ಇಸ್ತಾಂಬುಲ್‌ನಲ್ಲಿ ಓದಿ ಬಂದ ನಮ್ಮ ಇಮಾಮರಿಗೇ ಆಗಲಿಲ್ಲ. ಏಳನೇ ಕ್ಲಾಸಿಗೆ ಶಾಲೆಗೆ ಸಲಾಂ ಹೊಡೆದ ನನಗೆ ಗೊತ್ತು. ಯಾಕಂದ್ರೆ ಆ ಆಸಾಮಿ ನಮ್ಮ ಸೋದರತ್ತೆಯ ಮಗ ಮುಹ್ಸಿನಣ್ಣ. ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಅಷ್ಟು ಸಾಕು.

ಮೂರು ಚಳಿಗಾಲದ ಹಿಂದಿನ ಮಾತು. ನಮ್ಮೂರು ಅರ್ಧ ಈ ಗುಡ್ಡದ ಮೇಲೆ, ಅರ್ಧ ಎದುರು ಗುಡ್ಡದ ಮೇಲೆ. ನಡುವೆ ಆಳದಲ್ಲಿ ಹೊಳೆ. ಇಳಿದು ಹತ್ತೋದಕ್ಕೆ ಒಂದು ಗಂಟೆ ಬೇಕು. ಅದಕ್ಕೇ ನಾವು ಶಿಳ್ಳೆಯಲ್ಲೇ ಮಾತಾಡೋದು. ‘ನಿನ್ನ ಹಸು ನನ್ನ ಜೋಳಕ್ಕೆ ನುಗ್ಗಿದೆ’ ಅನ್ನೋದೂ ಶಿಳ್ಳೆ, ಅದಕ್ಕೆ ಬರೋ ಬೈಗುಳವೂ ಶಿಳ್ಳೆ. ಒಬ್ಬೊಬ್ಬರದು ಒಂದೊಂದು ಥರ, ಮುಖ ನೋಡಿದ ಹಾಗೆ ಗುರುತು ಹತ್ತುತ್ತೆ. ಮುಹ್ಸಿನಣ್ಣನ ಶಿಳ್ಳೆಗೆ ಬಾಲದಲ್ಲಿ ಒಂದು ಬಿಕ್ಕಳಿಕೆ. ಫೀ...ಯೂ... ಹಿಕ್! ಚಿಕ್ಕವನಿದ್ದಾಗಿಂದ ಹಾಗೇ.

ಆದರೆ ರಾತ್ರಿ ನಮಾಜಿನ ಕೂಗು ಆದಮೇಲೆ ನಮ್ಮಲ್ಲಿ ಯಾರೂ ಶಿಳ್ಳೆ ಹೊಡೆಯಲ್ಲ. ಕತ್ತಲಲ್ಲಿ ಕೇಳಿಸಿಕೊಳ್ಳೋರು ಬೇರೆ ಇರ್ತಾರೆ. ಅವರ ಹೆಸರು ನಾನು ಹೇಳಲ್ಲ, ನೀವೂ ಕೇಳಬೇಡಿ.

ಆ ರಾತ್ರಿ ಮುಹ್ಸಿನಣ್ಣನ ಹೆಂಡತಿ ಗುಲಿಜಾರ್ ಅತ್ತಿಗೆಗೆ ಹೆರಿಗೆ ನೋವು ಶುರುವಾಯ್ತು. ದಿನ ತುಂಬೋಕೆ ಇನ್ನೂ ಹತ್ತು ದಿನ ಇತ್ತು. ಹಿಮ ಮೊಣಕಾಲುದ್ದ. ಅದರ ಹಿಂದಿನ ವರ್ಷದ ಕೂಸು, ಸೂಲಗಿತ್ತಿ ಬರೋದು ತಡವಾಗಿ, ಅಳೋಕೆ ಮುಂಚೆಯೇ ಹೋಗಿಬಿಟ್ಟಿತ್ತು. ಸೂಲಗಿತ್ತಿ ಹಾಜೆರ್ ಅಜ್ಜಿ ಇರೋದು ಎದುರು ಗುಡ್ಡದಲ್ಲಿ. ನಾಜಿಫೆ ಅತ್ತೆ ಸೊಸೆಯ ಹಣೆಗೆ ಕೆಂಪು ಪಟ್ಟಿ ಕಟ್ಟಿ, ದಿಂಬಿನಡಿ ಕಬ್ಬಿಣದ ಕಡ್ಡಿ ಇಟ್ಟಳು. ಹೆರಿಗೆ ಮನೆ ಹುಡುಕ್ಕೊಂಡು ಒಬ್ಬ ಕೆಂಪು ಹೆಂಗಸು ಬರ್ತಾಳೆ, ಬಂದ್ರೆ ಬರಿಗೈಲಿ ಹೋಗಲ್ಲ ಅಂತ ನಮ್ಮಲ್ಲಿ ಭಯ.

"ಹೋಗಿ ಅಜ್ಜೀನ ಕರ್ಕೊಂಡು ಬಾರೋ," ಅಂದಳು ಅತ್ತೆ.

"ಹೋಗಿ ಬರೋಕೆ ಎರಡು ಗಂಟೆ ಬೇಕವ್ವಾ. ಅಷ್ಟೊತ್ತು ಇವಳು..."

"ನಿಂತು ಲೆಕ್ಕ ಹಾಕ್ತಾ ಇದ್ರೆ ಮೂರು ಗಂಟೆ ಆಗುತ್ತೆ. ಹೊರಡು! ಶಿಳ್ಳೆ ಗಿಳ್ಳೆ ಹೊಡೆದೀಯ, ಜೋಕೆ."

"ಇಲ್ಲವ್ವಾ."

ಹೊರಗೆ ಬಂದ. ಒಳಗೆ ಅತ್ತಿಗೆ ಹಲ್ಲು ಕಚ್ಚಿ ನರಳಿದ್ದು ಕೇಳಿಸ್ತು. ಅವನಿಗೆ ಹಳೇ ಕೂಸಿನ ನೀಲಿ ಮುಖ ನೆನಪಾಯ್ತು... ನಾಲಿಗೆ ಮಡಚಿದ. ಎರಡು ಬೆರಳು ಬಾಯಿಗಿಟ್ಟ.

ಫೀ...ಯೂ... ಹಿಕ್! ‘ಅಜ್ಜೀ... ಗುಲಿಜಾರ್‌ಗೆ ನೋವು... ಬೇಗ ಬಾ...’

ಶಿಳ್ಳೆ ಹೊಳೆ ದಾಟಿ ಎದುರು ಬಂಡೆಗೆ ಬಡಿದು ಸತ್ತಿತು. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕೋದನ್ನ ನಿಲ್ಲಿಸ್ತು.

ಆಮೇಲೆ... ಉತ್ತರ ಬಂತು. ಉದ್ದಕ್ಕೆ, ತೆಳ್ಳಗೆ, ನಡುಕವೇ ಇಲ್ಲದ ಶಿಳ್ಳೆ. ‘ಬಂದೆ.’

ಮುಹ್ಸಿನಣ್ಣನಿಗೆ ಜೀವ ಬಂದ ಹಾಗಾಯ್ತು. ಮರದ ಸೇತುವೆ ಮೇಲೆ ಮಂಜು ಗಾಜಿನ ಥರ ಕಟ್ಟಿರುತ್ತೆ, ಮುದುಕಿ ಜಾರಿ ಬಿದ್ದಾಳು ಅಂತ ಲಾಟೀನು ಹಿಡಿದು ಇಳಿದ. ಕಾಲಡಿ ಹಿಮ ಕರಕ್... ಕರಕ್. ಲಾಟೀನಿನ ಹಿಡಿ ಕಿಂಯ್... ಕಿಂಯ್. ಅರ್ಧ ದಾರೀಲಿ ಆ ದೊಡ್ಡ ಅಕ್ರೋಟು ಮರ. ಹಗಲಲ್ಲೂ ಅದರ ನೆರಳಲ್ಲಿ ಯಾರೂ ಮಲಗಲ್ಲ. ತಲೆ ತಗ್ಗಿಸಿ "ಅಪ್ಪಣೆ ಕೊಡಿ" ಅಂತ ಪಿಸುಗುಟ್ಟಿ ಅದರ ಕೆಳಗೆ ಹಾದ.

ಮತ್ತೆ ಶಿಳ್ಳೆ. ಈ ಸಲ ಹತ್ತಿರ, ಹೊಳೆಯ ಈಚೆ ದಡದಿಂದಲೇ. ‘ಬಂದೆ.’

"ಅರೆ, ಮುದುಕಿ ಹಾರ್ಕೊಂಡು ಬಂದ್ಲಾ?" ಅಂತ ನಕ್ಕ.

ಸೇತುವೆಗೆ ಬಂದ. ಯಾರೂ ಇಲ್ಲ. ಹಿಮದ ಮೇಲೆ ಹೆಜ್ಜೆ ಬಿಡಿ, ನರಿ ಓಡಾಡಿದ ಗುರುತೂ ಇಲ್ಲ. ಎದುರು ಗುಡ್ಡದಲ್ಲಿ ಅಜ್ಜಿಯ ಕಿಟಕಿ ಕತ್ತಲು. ಲಾಟೀನು ಮೇಲೆತ್ತಿದ. "ಅಜ್ಜೀ?" ಅಂದ, ಪಿಸುಮಾತಲ್ಲಿ.

ಆಗ ಹೊಳೆಯಿತು ಅವನಿಗೆ.

ಹಾಜೆರ್ ಅಜ್ಜಿಗೆ ಮುಂದಿನ ಹಲ್ಲಿಲ್ಲ. ಆ ಶರತ್ಕಾಲದಲ್ಲಿ ಒಂದು ಮದುವೇಲಿ, ವಯಸ್ಸಿನ ಹುಡುಗೀರ ಎದುರು ಜಂಬ ಮಾಡಿ ಅಕ್ರೋಟು ಕಾಯಿ ಕಚ್ಚೋಕೆ ಹೋಗಿ ಎರಡೂ ಹಲ್ಲು ಕಳಕೊಂಡಿದ್ದಳು. ಅವತ್ತಿಂದ ಅವಳ ಬಾಯಲ್ಲಿ ಶಿಳ್ಳೆ ಹುಟ್ಟಲ್ಲ, ಬರೀ ಗಾಳಿ. ಯಾರು ಕರೆದರೂ ತಾಮ್ರದ ತಟ್ಟೆಗೆ ಸೌಟಿಂದ ಬಡೀತಾಳೆ. ಠಣ್ ಒಂದು ಅಂದ್ರೆ ಹೂಂ. ಎರಡು ಅಂದ್ರೆ ಉಹೂಂ. ಮೂರು ಅಂದ್ರೆ ನಿಮ್ಮಪ್ಪನ ತಲೆ. ಊರೆಲ್ಲ ಇದಕ್ಕೆ ನಕ್ಕಿದ್ದೇ ನಕ್ಕಿದ್ದು. ಮುಹ್ಸಿನಣ್ಣನೂ ನಕ್ಕಿದ್ದ.

ಹಾಗಾದ್ರೆ... ಇಷ್ಟೊತ್ತು ಉತ್ತರ ಕೊಟ್ಟಿದ್ದು?

ಹಿಂದೆ, ಮೇಲೆ, ತನ್ನ ಮನೆಯ ದಿಕ್ಕಿನಿಂದ ಶಿಳ್ಳೆ ಕೇಳಿಸ್ತು.

ಫೀ...ಯೂ... ಹಿಕ್!

ಅವನದೇ ಶಿಳ್ಳೆ. ಬಾಲದ ಬಿಕ್ಕಳಿಕೆ ಸಮೇತ. ‘ಅವ್ವಾ... ಬಾಗಿಲು ತೆಗಿ. ಅಜ್ಜಿ ಬಂದ್ಲು.’

ಬೆರಳು ಬಾಯಿಗಿಟ್ಟ. ತುಟಿ ಮರಗಟ್ಟಿತ್ತು, ಉಸಿರು ಬಂತು, ಸದ್ದು ಬರಲಿಲ್ಲ. ಬಂದಿದ್ರೂ ಏನು? ಎರಡು ಮುಹ್ಸಿನರಲ್ಲಿ ಮಗ ಯಾವನು ಅಂತ ಒಳಗಿದ್ದ ಅವ್ವನಿಗೆ ಹೇಗೆ ತಿಳೀಬೇಕು? ಲಾಟೀನು ಕೈಜಾರಿ ಹಿಮಕ್ಕೆ ಬಿತ್ತು. ಚುಸ್ಸ್... ಕತ್ತಲು. ಬಿದ್ದ, ಎದ್ದ, ಓಡಿದ. ಮೇಲಿಂದ ಮತ್ತೆ, ಮೆತ್ತಗೆ, ಮುದ್ದು ಮಾಡೋ ಹಾಗೆ... ‘ಅವ್ವಾ... ಚಳಿ ಕಣವ್ವಾ... ತೆಗಿ...’

ಒಳಗೆ ನಾಜಿಫೆ ಅತ್ತೆ ಅಗುಳಿ ಮೇಲೆ ಕೈ ಇಟ್ಟಿದ್ದಳು. ಇಟ್ಟವಳು ನಿಂತಳು. "ನನ್ನ ಮಗ ಇಪ್ಪತ್ತಾರು ವರ್ಷದಿಂದ ಈ ಬಾಗಿಲನ್ನ ಒದ್ದುಕೊಂಡೇ ಒಳಗೆ ಬಂದಿರೋದು. ಹೊರಗೆ ನಿಂತು ಶಿಳ್ಳೆ ಹೊಡೆಯೋ ಮರ್ಯಾದಸ್ಥ ಯಾರಪ್ಪಾ ನೀನು?" ಅಂದಳು. ಹೊರಗೆ ಗಪ್‌ಚಿಪ್. ಸ್ವಲ್ಪ ಹೊತ್ತಿಗೆ ಧಡ್ ಅಂತ ಒದೆ ಬಿತ್ತು, ತೆಗೆದಳು, ಮುಹ್ಸಿನಣ್ಣ ಒಳಗೆ ಬಿದ್ದ. ಬೆಳಗಾಗೋ ಹೊತ್ತಿಗೆ ಅತ್ತೆಯ ಕೈಯಲ್ಲೇ ಹೆಣ್ಣು ಕೂಸು ಹುಟ್ಟಿತು.

ಚೆನ್ನಾಗಿದೆ ಅಲ್ವಾ? ಗುಲಿಜಾರ್ ಅತ್ತಿಗೆ ಎದುರಿಗಿದ್ರೆ ನಾನು ಇಲ್ಲಿಗೇ ನಿಲ್ಲಿಸೋದು. ಅವಳೂ ನಗ್ತಾಳೆ, ಕೂಸನ್ನ ಇನ್ನೊಂಚೂರು ಹತ್ತಿರ ಎಳ್ಕೊಳ್ತಾಳೆ.

ಆದರೆ ಈ ಕೊನೆ ನಾನು ಕಟ್ಟಿದ್ದು. ಅತ್ತೆ ಆ ಮಾತು ಆಡಲೇ ಇಲ್ಲ.

ಮುಹ್ಸಿನಣ್ಣ ಮೇಲೆ ಬಂದಾಗ ಬಾಗಿಲು ಹಾರು ಹೊಡೆದಿತ್ತು. ಒಲೆ ಉರೀತಿತ್ತು. ಅತ್ತಿಗೆ ಬೆವರಿ, ಜೀವಂತವಾಗಿ, ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಕೂಸು. ತೊಳೆದು, ಸುತ್ತಿ, ಮಲಗಿಸಿತ್ತು. ಅತ್ತೆ ಕೈ ಒರೆಸಿಕೊಳ್ತಾ ಅಂದಳು, "ಅಜ್ಜಿ ಈಗಷ್ಟೇ ಇಳಿದು ಹೋದ್ಲಲ್ಲೋ. ದಾರೀಲಿ ಸಿಗಲಿಲ್ವಾ? ಒಂದು ಲೋಟ ಚಹಾ ಕುಡಿದು ಹೋಗು ಅಂದ್ರೂ ಮಾತಾಡಲಿಲ್ಲ, ತಾಯಿ."

ದಾರಿ ಇರೋದು ಒಂದೇ.

ಊರವರು ನನ್ನ ಮೇಲೇ ಗೂಬೆ ಕೂರಿಸಿದ್ರು. ಒಂದ್ಸಲ ಊರ ಮುಖ್ಯಸ್ಥನ ಶಿಳ್ಳೆ ಹೊಡೆದು ಊರೆಲ್ಲರನ್ನೂ ಅವನ ಮನೆಗೆ ಊಟಕ್ಕೆ ಕಳಿಸಿದ್ದೆ, ಅದಕ್ಕೆ. ಆದರೆ ಆ ವಾರ ನನಗೆ ಮಂಗನಬಾವು. ಬಾಯಿ ತೆರೆದು ಗಂಜಿ ಕುಡಿಯೋಕಾಗ್ತಿರಲಿಲ್ಲ, ಶಿಳ್ಳೆ ಎಲ್ಲಿಂದ? ರೊಟ್ಟಿ ಮುಟ್ಟಿ ಹೇಳ್ತೀನಿ, ನಡೆದದ್ದು ಇದು.

ಬೆಳಗ್ಗೆ ಮುಹ್ಸಿನಣ್ಣ ನಿಜವಾದ ಅಜ್ಜಿಯನ್ನ ಕರ್ಕೊಂಡು ಬಂದ. ರಾತ್ರಿಯೆಲ್ಲ ಗೊರಕೆ ಹೊಡೆದಿದ್ದೆ, ಏನೂ ಕೇಳಿಸಲಿಲ್ಲ ಅಂದಳು. ಕೂಸಿನ ಸುತ್ತುಬಟ್ಟೆ ಬಿಚ್ಚಿದಳು. ಹೊಕ್ಕುಳಿಗೆ ಕಟ್ಟಿದ ದಾರವನ್ನ ಕಿಟಕಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು.

"ಇದು ಎಡಗೈಯವರು ಹಾಕಿದ ಗಂಟು," ಅಂದಳು. "ಎರಡೂ ಗುಡ್ಡ ಸೇರಿದ್ರೆ, ಎಡಚಿ ನಾನೊಬ್ಬಳೇ."

ಮತ್ತೆ ಬಟ್ಟೆ ಸುತ್ತಿದಳು. ಚಹಾ ಕೇಳಿದಳು. ಎರಡು ಲೋಟ ಕುಡಿದಳು.