ಚಮನ್ ದ್ರಾಕ್ಷಿಯ ಬಯಕೆ

ದೇಶ ಎರಡಾದ ಮರುವರ್ಷ, ದೇವರಾಜ ಮಾರುಕಟ್ಟೆಯಲ್ಲಿ ನಿಂಬೆಹಣ್ಣು ಆರಿಸುತ್ತಿದ್ದ ಚೆಲುವರಾಜುವಿನ ಕಿವಿ ಪಕ್ಕದ ಮಾತಿನತ್ತ ವಾಲಿತು. ಮಾದೇವಮ್ಮ ಹಣ್ಣಿನಂಗಡಿಯ ಮರಿಯಯ್ಯನನ್ನು ತರಾಟೆಗೆ ತೆಗೆದುಕೊಂಡಿದ್ದರು.

“ಬಸುರಿ ಮಗಳು ಚಮನ್ ದ್ರಾಕ್ಷೀನೇ ಬೇಕು ಅಂತಾಳೆ ಕಣ್ರೀ. ಬಯಕೆ ತೀರಿಸದಿದ್ರೆ ಕೂಸಿನ ಕಿವಿ ಸೋರುತ್ತೆ!”

“ಚಮನ್ ಈಗ ಪಾಕಿಸ್ತಾನದ ಊರು, ತಾಯಿ. ಹಣ್ಣಿಗೂ ಪರ್ಮಿಟ್ ಬೇಕಂತೆ.”

“ಹೋದ ತಿಂಗಳೇ ಪೆಟ್ಟಿಗೆ ಹೊರಟಿದೆ ಅಂದ್ರಿ?”

“ಹೊರಡ್ತು. ಗಡೀಲಿ ಸಾಹೇಬ್ರು,” ಮರಿಯಯ್ಯ ಮೂಗಿನಲ್ಲಿ ರಾಗ ಎಳೆದ, “‘ಸೀಲು ಇನ್ನೂ ತಯಾರಾಗಿಲ್ಲ, ಕಾಯ್ರೀ’ ಅಂದ್ರಂತೆ. ಸೀಲು ಬರೋ ಹೊತ್ಗೆ ದ್ರಾಕ್ಷಿ ಹುಳಿ ಬಂದು ನೊರೆ ಕಾರ್ತಿತ್ತು. ಈಗ ಹೆಂಡ ತರಿಸ್ಕೊಂಡೆ ಅಂತ ನನ್ಮೇಲೇ ಕೇಸು!”

ಚೆಲುವರಾಜು ನಗು ತಡೆಯಲು ನಿಂಬೆಹಣ್ಣು ಮೂಸಿದ.

“ನನ್ನ ಮಗಳ ಗತಿ?”

“ಒಣದ್ರಾಕ್ಷಿ ಒಯ್ದು ನೀರಲ್ಲಿ ನೆನೆಹಾಕಿ. ಉಬ್ಬುತ್ತೆ.”

ಮಾದೇವಮ್ಮ ಒಂದನ್ನು ಬಾಯಿಗೆ ಹಾಕಿಕೊಂಡು ಯೋಚಿಸಿದರು.

“ಕಟ್ಟಿ ಇತ್ಲಾಗೆ.”

“ಮಗಳು ಯಾಕೆ ಸುಕ್ಕಿದೆ ಅಂದ್ರೆ?”

ಪೊಟ್ಟಣ ಸೆರಗಿಗೆ ಗಂಟು ಹಾಕಿಕೊಂಡು ಅವರು ಆಗಲೇ ಹೊರಟಿದ್ದರು.

“ಗಡೀಲಿ ಕಾದೂ ಕಾದೂ ಅದಕ್ಕೂ ವಯಸ್ಸಾಗ್ಬುಟ್ತು ಅಂತೀನಿ.”