ಮಲಗಿದವರನ್ನು ದಾಟದವಳು

ಒಂದು ಊರು. ಊರ ಮಗ್ಗುಲಲ್ಲಿ ಕೆಂಪು ಕಲ್ಲಿನ ಗುಡ್ಡ. ಆ ಗುಡ್ಡದ ಕಲ್ಲನ್ನು ಕಡಲಾಚೆಗೆ ಮಾರಿ ಮೇಲೆ ಬಂದ ಒಬ್ಬ ಸಿರಿವಂತ ಅಲ್ಲಿದ್ದ. ಅವನ ಹೆಸರು ಬೇಡ. ಹೆಸರು ಹೇಳಿದರೆ ನೀವು ‘ಓಹೋ, ಇದು ಅವರ ಮನೆಯ ಸುದ್ದಿ’ ಎಂದುಕೊಂಡು ಗೋಡೆಗೆ ಒರಗಿಬಿಡುತ್ತೀರಿ.

ಅವನಿಗೆ ಒಬ್ಬ ಅಕ್ಕ ಇದ್ದಳು. ಹೆತ್ತವಳು ಬೇಗ ತೀರಿಕೊಂಡಳು, ಸಾಕಿದವಳು ಅಕ್ಕ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ತಮ್ಮ ಕೂಸಾಗಿದ್ದಾಗ ಅವನನ್ನು ನಡುಮನೆಯಲ್ಲಿ ಮಲಗಿಸಿ ರೊಟ್ಟಿ ಬಡಿಯುತ್ತಿದ್ದಳು. ಯಾರಾದರೂ ಅವಸರದಲ್ಲಿ ಅವನನ್ನು ದಾಟಿದರೆ ಹಿಟ್ಟಿನ ಕೈಯಲ್ಲೇ ಎದ್ದು ಬರುತ್ತಿದ್ದಳು. “ಹೊಳ್ಳಿ ದಾಟು! ಕೂಸಿನ ಬೆಳವಣಗಿ ನಿಲ್ತದ, ಹೊಳ್ಳಿ ದಾಟು!” ಎಂದು ಅವರನ್ನು ಮರಳಿ ದಾಟಿಸಿಯೇ ಬಿಡುತ್ತಿದ್ದಳು. ಗೊತ್ತಲ್ಲ ನಿಮಗೆ? ಮಲಗಿದವರನ್ನು ದಾಟಬಾರದು. ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ.

ತಮ್ಮ ಬೆಳೆದ. ಬಹಳ ಬೆಳೆದ.

ನೋಡಿ, ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕನಿಗೆ ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಕೈಗೆ ಬಳೆ, ಉಡಲು ಒಳ್ಳೆಯ ಸೀರೆ. ಅವಳು ಇಡೀ ಜನ್ಮದಲ್ಲಿ ಕೇಳಿದ್ದು ಒಂದೇ: “ತಮ್ಮಾ, ನಮ್ಮ ಗುಡ್ಡದ ಕಲ್ಲು ಅಲ್ಲೆಲ್ಲೋ ಹೋಗಿ ಮಂದಿ ಮನ್ಯಾಗ ನೆಲ ಆಗೇತಂತಲ್ಲ. ಒಮ್ಮೆ ಅದರ ಮ್ಯಾಲ ಕಾಲಿಟ್ಟು ಬರಬೇಕು ನಾ.”

ತಮ್ಮ ನಕ್ಕ. ಆದರೆ ಮರೆಯಲಿಲ್ಲ. ಕಡಲಾಚೆ ಕಲ್ಲಿನ ವ್ಯಾಪಾರಿಗಳ ಸಂತೆ ನೆರೆದಾಗ ಅವಳನ್ನೂ ಕರೆದುಕೊಂಡು ಹೊರಟ.

ಅವನಿಗೆ ವಿಮಾನದ ಸುಖದ ಬಗ್ಗೆ ಎಲ್ಲವೂ ಗೊತ್ತಿತ್ತು. ಯಾವ ವಿಮಾನದಲ್ಲಿ ಸದ್ದು ಕಡಿಮೆ, ಯಾವುದರಲ್ಲಿ ಒಳಗಿನ ಗಾಳಿಗೆ ಗಂಟಲು ಒಣಗುವುದಿಲ್ಲ, ಯಾವ ಸೀಟು ಪೂರ್ತಿ ಮಂಚವಾಗುತ್ತದೆ, ಯಾವುದು ಅರ್ಧಕ್ಕೆ ನಿಲ್ಲುತ್ತದೆ, ಎಲ್ಲ ಬಾಯಿಪಾಠ. ಟಿಕೆಟ್ ಮಾಡಿಸುವ ಹುಡುಗಿ ಫೋನಿನಲ್ಲಿ ಕೇಳಿದಳು, “ಸರ್, ಇಬ್ಬರಿಗೂ ಮುಂದಿನ ಸೀಟೇನ್ರಿ?”

“ನನಗಷ್ಟ ಮುಂದ ಮಾಡು. ಅಕ್ಕ ನೆಲದ ಮ್ಯಾಲ ಚಾಪಿ ಹಾಸ್ಕೊಂಡು ಮಲಗೂವಾಕಿ. ಆಕಿಗೇನು ಗೊತ್ತಾಗ್ತದ? ಆ ಬಟನ್ ಎಲ್ಲಾ ನೋಡಿ ಹೆದರ್ತಾಳ. ಹಿಂದ ಕೊಡು. ಆದರ ಕಿಡಕಿ ಕೊಡು ಮತ್ತ, ಮೋಡ ನೋಡ್ಲಿ.”

‘ಅವಳಿಗೇನು ಗೊತ್ತಾಗುತ್ತದೆ?’ ಈ ಮಾತನ್ನು ಹಿಡಿದುಕೊಳ್ಳಿ. ನಾವೆಲ್ಲರೂ ಆಡುವ ಮಾತು ಇದು. ಪ್ರೀತಿಯಿಂದಲೇ ಆಡುತ್ತೇವೆ.

ವಿಮಾನ ಹೊರಡುವುದು ಬೆಳಗಿನ ಬಿಸಿಲಲ್ಲಿ. ಮುಂದಿನ ಬಾಗಿಲಿನಿಂದಲೇ ಎಲ್ಲರನ್ನೂ ಹತ್ತಿಸಿದರು. ಅಕ್ಕ ಆ ಅಗಲ ಸೀಟುಗಳನ್ನು ನೋಡಿ ನಿಂತುಬಿಟ್ಟಳು. ಒಂದೊಂದಕ್ಕೂ ಮೋಟು ಗೋಡೆ, ದಿಂಬು, ಮೆತ್ತನೆಯ ಹೊದಿಕೆ.

“ಏನೋ ತಮ್ಮಾ ಇದು, ಇಷ್ಟಿಷ್ಟು ಎತ್ತರದ ಗಂಡಸರಿಗೆ ತೊಟ್ಟಲಾ ಮಾಡಿಟ್ಟಾರ!”

“ಸುಮ್ನ ನಡಿ ಯಕ್ಕಾ, ಮಂದಿ ಕೇಳ್ತಾರ,” ಎಂದು ತಮ್ಮ ನಕ್ಕು ತನ್ನ ಜಾಗದಲ್ಲಿ ಕುಳಿತ. ಅವಳು ಇನ್ನೂ ನಡೆದಳು. ಪರದೆ ದಾಟಿದಳು. ನಡೆದಂತೆ ನಡೆದಂತೆ ದಾರಿ ಸಣ್ಣದಾಯಿತು, ಸೀಟು ಸಣ್ಣದಾಯಿತು, ಜನ ಹೆಚ್ಚಾದರು.

ಅವಳ ಸಾಲಿನಲ್ಲಿ ಮೂರು ಸೀಟು. ಕಿಟಕಿಗೆ ಅವಳು. ನಡುವೆ ಗುಳೇದಗುಡ್ಡದ ಕಡೆಯ ಒಬ್ಬ ಬಟ್ಟೆ ವ್ಯಾಪಾರಿ, ದೊಡ್ಡ ದೇಹದವನು, ಮಾತುಗಾರ. ಈಚೆ ತುದಿಗೆ ಕಿವಿಗೆ ಏನೋ ಸಿಕ್ಕಿಸಿಕೊಂಡ ಒಬ್ಬ ಎತ್ತರದ ಯುವಕ. ಅವಳು ಕುಳಿತಾಗ ಮೊಣಕಾಲು ಮುಂದಿನ ಸೀಟಿಗೆ ತಾಗಿತು.

“ಯವ್ವಾ, ಮೊಣಕಾಲು ಮನ್ಯಾಗ ಬಿಟ್ಟು ಬರಬೇಕಿತ್ತು ನೀವು,” ಎಂದ ವ್ಯಾಪಾರಿ. “ಇಲ್ಲಿ ಅವಕ್ಕ ಟಿಕೇಟ ಇಲ್ಲ. ಮೊದಲ ಇಷ್ಟು ಇಕ್ಕಟ್ಟು ಇರ್ಲಿಲ್ಲಬೇ. ಹಿಂದ ಎರಡು ಸಾಲು ಹೆಚ್ಚಿಗಿ ತುರುಕ್ಯಾರ. ಗಾದಿನೂ ತೆಳ್ಳಗ ಮಾಡ್ಯಾರ.”

“ಮತ್ತ ನೀ ಹೊಟ್ಟಿ ಯಾಕ ತಂದಿ?” ಎಂದಳು ಅಕ್ಕ. ಅವನು ಸೀಟು ಅಲುಗಾಡುವಂತೆ ನಕ್ಕ.

ವಿಮಾನ ಏರಿತು. ಅವಳ ಕಣ್ಣಿಗೆ ಮೋಡ ಕಂಡಿತು. ಬಿಡಿಸಿದ ಹತ್ತಿಯಂತೆ, ಕೊನೆಯೇ ಇಲ್ಲದಂತೆ. ಹಣೆಯನ್ನು ಗಾಜಿಗೆ ಹಚ್ಚಿ ಕುಳಿತಳು. ಊಟ ಬಂತು, ಉಂಡಳು. ತಟ್ಟೆ ತೆಗೆದುಕೊಂಡು ಹೋದರು. ಆಮೇಲೆ, ನೋಡಿ, ಆ ಗಾಜು ತಾನಾಗಿಯೇ ನೀಲಿಯಾಯಿತು, ನೀಲಿ ಕಡುವಾಯಿತು, ಮೋಡ ಅಳಿಸಿಹೋಯಿತು.

“ಏ ಯಪ್ಪಾ, ಹೊತ್ತು ಮುಣಿಗಿತೇನು?”

“ಇಲ್ಲಬೇ. ಹೊರಗ ಸುಡುಸುಡು ಬಿಸಿಲೈತಿ. ಮಂದಿ ಮಲಗ್ಲಿ ಅಂತ ಎಲ್ಲಾ ಗಾಜಿಗೂ ಒಮ್ಮಿಗೆ ಕತ್ತಲಿ ಮಾಡ್ತಾರ. ಹೊಸಾ ಇಮಾನ ಹಿಂಗ. ನಮ್ಮ ಕೈಯಾಗ ಏನೂ ಇಲ್ಲ.”

ಹಗಲಿನಲ್ಲೇ ಇರುಳು ಮಾಡುವ ವಿದ್ಯೆ ಬಂದಿದೆ ಮನುಷ್ಯನಿಗೆ. ದೀಪದ ಬಣ್ಣವನ್ನೂ ನಿದ್ದೆ ಬರುವಂತೆ ಬದಲಾಯಿಸುತ್ತಾರೆ. ಎಲ್ಲರ ಸುಖಕ್ಕೂ ಯಾರೋ ಕುಳಿತು ಯೋಚನೆ ಮಾಡಿದ್ದಾರೆ. ಆದರೆ ಅಕ್ಕನಿಗೆ ಕೊಡಿಸಿದ್ದು ಕಿಟಕಿ. ಕಿಟಕಿಯೇ ಕುರುಡಾದರೆ?

ವ್ಯಾಪಾರಿ ಒಂದು ಗುಳಿಗೆ ನುಂಗಿ, ಕಾಲು ಚಾಚಿ, ಗೊರಕೆ ಹೊಡೆಯತೊಡಗಿದ. ಯುವಕ ತಲೆಯ ತನಕ ಮುಸುಕು ಎಳೆದುಕೊಂಡ. ಮುಂದಿನವನು ತನ್ನ ಸೀಟನ್ನು ಹಿಂದಕ್ಕೆ ವಾಲಿಸಿದ. ಅವನ ತಲೆ ಅವಳ ಎದೆಯ ಹತ್ತಿರಕ್ಕೇ ಬಂತು.

ಆಗ ತಮ್ಮ ಬಂದ. ಬಂದ, ಇದನ್ನು ಮರೆಯಬೇಡಿ. ಪರದೆ ಸರಿಸಿ, ಅಷ್ಟು ದೂರ ನಡೆದು, ಆ ಸಾಲಿನ ಪಕ್ಕ ನಿಂತ. ಇಬ್ಬರು ಮಲಗಿದವರ ಆಚೆ ಅಕ್ಕನ ಮುಖ ಮಸುಕಾಗಿ ಕಂಡಿತು.

“ಯಕ್ಕಾ, ಆರಾಮ ಅದಿಯಿಲ್ಲೋ?”

ಅವಳ ಎಡಗಾಲು ಆಗಲೇ ಕಲ್ಲು ಕಟ್ಟಿದಂತೆ ಭಾರವಾಗಿತ್ತು. ಬಾಯಿಗೆ ಬಂದಿತ್ತು ಮಾತು. ಆದರೆ ತಮ್ಮ ನಿಂತಿದ್ದಾನೆ, ಜನ ಮಲಗಿದ್ದಾರೆ, ಇಷ್ಟು ಖರ್ಚು ಮಾಡಿ ಕರೆತಂದಿದ್ದಾನೆ. ಬಾಯಿಗೆ ಬಂದದ್ದನ್ನು ನುಂಗಿದಳು.

“ಆರಾಮ ಅದೀನಿ ತಮ್ಮಾ. ನೀ ಹೋಗಿ ಮಲಕೋ.”

ಅವನಿಗೆ ಸಮಾಧಾನವಾಯಿತು. ಕೇಳಿ ಬಂದೆನಲ್ಲ! ತನ್ನ ಸೀಟನ್ನು ಮಂಚ ಮಾಡಿಕೊಂಡ. ತನ್ನನ್ನು ಯಾರೂ ಎಬ್ಬಿಸಬಾರದು ಎಂಬ ಗುರುತಿನ ಕೆಂಪು ದೀಪ ಹಾಕಿದ. ಮಲಗಿದ.

ಇತ್ತ ಅಕ್ಕನಿಗೆ ಏಳಬೇಕಾಗಿತ್ತು. ಬಚ್ಚಲಿಗೆ ಹೋಗಬೇಕಾಗಿತ್ತು, ಕಾಲು ನೀಡಬೇಕಾಗಿತ್ತು. ಹೇಗೆ ಏಳುವುದು? ಏಳಬೇಕೆಂದರೆ ಇಬ್ಬರನ್ನು ದಾಟಬೇಕು. ಹೆತ್ತವರಿಗೆ ಬೇಕಾದ ಮಕ್ಕಳು. ಎಬ್ಬಿಸೋಣವೆಂದು ವ್ಯಾಪಾರಿಯ ತೋಳಿನ ತನಕ ಕೈ ಒಯ್ದಳು. ಅವನ ಬಾಯಿ ಕೂಸಿನಂತೆ ತೆರೆದುಕೊಂಡಿತ್ತು. ಕೈ ಹಿಂದಕ್ಕೆ ತೆಗೆದುಕೊಂಡಳು.

ಕತ್ತಲಲ್ಲಿ ಗಗನಸಖಿ ನೀರು ಹಿಡಿದು ಬಂದಳು. ಅಕ್ಕನ ಗಂಟಲು ಒಣಗಿ ಅಂಟಿಕೊಂಡಿತ್ತು. ಆದರೆ ಕುಡಿದರೆ ಮತ್ತೆ ಏಳಬೇಕಲ್ಲ? ಬೇಡವೆಂದು ತಲೆಯಾಡಿಸಿದಳು. ಆ ಹುಡುಗಿ ಮತ್ತೊಂದು ಸಲ ಬಂದಾಗ ಅಕ್ಕ ಕಾಲು ತಿಕ್ಕಿಕೊಳ್ಳುತ್ತಿದ್ದಳು. ಹುಡುಗಿ ಬಾಗಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಎದ್ದು ಓಡಾಡಿ ಎಂದು ಸನ್ನೆ ಮಾಡಿ, ನಡುವಿನವನನ್ನು ಎಬ್ಬಿಸಲು ಕೈ ಚಾಚಿದಳು. ಅಕ್ಕ ಆ ಕೈಯನ್ನು ಹಿಡಿದುಬಿಟ್ಟಳು.

“ಬ್ಯಾಡವ್ವಾ, ಬ್ಯಾಡ. ಮಲಗ್ಯಾರ.” ಆಮೇಲೆ ಮುಂದಕ್ಕೆ ಬೆರಳು ಮಾಡಿ, “ನನ್ನ ತಮ್ಮ... ಅಲ್ಲದಾನ. ನನ್ನ ತಮ್ಮ,” ಎಂದಳು.

ಹುಡುಗಿಗೆ ಅರ್ಥವಾಯಿತು. ವಿಮಾನ ಹತ್ತುವಾಗ ಅಕ್ಕ ಮುಂದಿನ ಸೀಟಿನವನ ಜೊತೆ ಮಾತಾಡಿದ್ದನ್ನು ಅವಳು ನೋಡಿದ್ದಳು. ಹೋದಳು. ಪರದೆಯ ಆಚೆ ಹೋದಳು. ಕೆಂಪು ದೀಪ ಉರಿಯುತ್ತಿತ್ತು. ಅಂಥವರನ್ನು ಎಬ್ಬಿಸಬಾರದು ಎಂದು ಅವಳ ಕೆಲಸದ ಕಟ್ಟಳೆ. ಸ್ವಲ್ಪ ಹೊತ್ತು ನಿಂತಳು, ತಿರುಗಿ ಬಂದಳು. ಎರಡು ಅಂಗೈ ಸೇರಿಸಿ ಕೆನ್ನೆಯ ಕೆಳಗೆ ಇಟ್ಟು ತೋರಿಸಿದಳು.

ಅಕ್ಕನ ಮುಖ ಅರಳಿತು. “ನಿದ್ದಿ ಹತ್ತೇತೇನು ಅವಗ? ಮಲಗ್ಲಿ, ಮಲಗ್ಲಿ ಬಿಡವ್ವಾ. ಮನಿ ಬಿಟ್ಟು ಹೊರಗ ಹ್ವಾದರ ಅವಗ ನಿದ್ದಿನ ಬರಾಂಗಿಲ್ಲ.”

ಹೀಗೆಂದು ಕತ್ತಲಾದ ಗಾಜಿನ ಕಡೆಗೆ ತಿರುಗಿ ಕುಳಿತಳು.

ವಿಮಾನದಲ್ಲಿ ಬೆಳಗೂ ಗುಂಡಿ ಒತ್ತಿದರೆ ಆಗುತ್ತದೆ. ಮೊದಲು ತೆಳು ಕೆಂಪು, ಆಮೇಲೆ ಹೊನ್ನಿನ ಬಣ್ಣ, ಆಮೇಲೆ ಗಾಜಿನಲ್ಲಿ ನಿಜವಾದ ಹೊತ್ತು. ವ್ಯಾಪಾರಿ ಆಕಳಿಸುತ್ತಾ ಎದ್ದ. ಅವಳ ಪಾದ ನೋಡಿದ. ಊದಿಕೊಂಡು ಚಪ್ಪಲಿಯ ಒಳಗೆ ಹೋಗುತ್ತಿರಲಿಲ್ಲ.

“ಯವ್ವಾ! ಎದ್ದೇ ಇಲ್ಲೇನು ನೀವು? ನನ್ನ ಎಬ್ಬಿಸಬಾರದಿತ್ತಾ?”

“ಎಷ್ಟು ಚಂದ ಮಲಗಿದ್ದೆಪಾ. ಹೆಂಗ ಎಬ್ಬಿಸಲಿ?”

ವಿಮಾನ ಇಳಿಯಿತು. ಮುಂದಿನವರು ಮೊದಲು ಇಳಿದರು. ತಮ್ಮನೂ ಇಳಿದು ಬಾಗಿಲಿನಾಚೆ ಅಕ್ಕನಿಗಾಗಿ ಕಾಯುತ್ತಾ ನಿಂತ. ಅವಳು ವ್ಯಾಪಾರಿಯ ಕೈ ಹಿಡಿದು ಎದ್ದಳು. ಆ ಸಣ್ಣ ದಾರಿಯಲ್ಲಿ ಸೀಟು ಹಿಡಿದು, ಸೀಟು ಹಿಡಿದು ನಡೆದಳು. ನಡುವೆ ನಿಂತಳು. “ಉಸಿರು...” ಎಂದಳು. ಅಷ್ಟೇ. ಕುಸಿದಳು.

ಅಲ್ಲಿ ಒಬ್ಬರನ್ನು ನೆಟ್ಟಗೆ ಮಲಗಿಸುವಷ್ಟು ನೆಲ ಇರಲಿಲ್ಲ. ಎತ್ತಿಕೊಂಡು ಮುಂದಕ್ಕೆ ತಂದರು. ಅಗಲ ಸೀಟುಗಳ ನಡುವೆ ಬೇಕಾದಷ್ಟು ಜಾಗವಿತ್ತು. ತಮ್ಮ ಕೂಗು ಕೇಳಿ ಓಡಿ ಬಂದ. ವೈದ್ಯರು ಬಂದರು, ಎದೆ ಒತ್ತಿದರು, ಬಹಳ ಒತ್ತಿದರು. ಬಹಳ ಹೊತ್ತು ಅಲುಗಾಡದೆ ಕುಳಿತು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಎದ್ದಾಗ ಅದು ಮೇಲಕ್ಕೇರಿ ಉಸಿರನ್ನು ತಡೆದಿದೆ ಎಂದರು. ಇನ್ನಿಲ್ಲ ಎಂದರು.

ತಮ್ಮ ಯಾರ ಮಾತನ್ನೂ ನಂಬಲಿಲ್ಲ. ವ್ಯಾಪಾರಿಯ ಅಂಗಿ ಹಿಡಿದುಕೊಂಡ. “ಕೇಳಿದ್ನಲ್ಲರೀ ನಾ! ಬಂದು ಕೇಳಿದ್ನಲ್ಲ, ಆರಾಮ ಅದಿಯಿಲ್ಲೋ ಅಂತ! ಆರಾಮ ಅದೀನಿ ಅಂದ್ಳಲ್ಲ!”

ವ್ಯಾಪಾರಿ ಅಳುತ್ತಿದ್ದ. “ನಮ್ಮನ್ನ ದಾಟಲಿಲ್ರೀ ಆಕಿ. ದಾಟಿದ್ದರ ಉಳೀತಿದ್ಳು,” ಎಂದ. ಆ ಗಗನಸಖಿ ತಲೆ ತಗ್ಗಿಸಿಕೊಂಡು, ತಾನು ಅವನ ಹತ್ತಿರ ಬಂದಿದ್ದನ್ನು, ಕೆಂಪು ದೀಪ ನೋಡಿ ಹಿಂದಿರುಗಿದ್ದನ್ನು ಹೇಳಿದಳು. ಅವನ ಕೈ ಅಂಗಿಯಿಂದ ಜಾರಿತು.

ಅಕ್ಕನನ್ನು ಪೆಟ್ಟಿಗೆಯಲ್ಲಿಟ್ಟು ಮರಳಿ ತರುವಾಗ ಅವನು ಹಿಂದಿನ ಸಾಲಿನಲ್ಲಿ ಕಿಟಕಿಯ ಸೀಟು ಕೇಳಿ ಪಡೆದ. ಕುಳಿತ. ಮೊಣಕಾಲು ಮುಂದಕ್ಕೆ ತಾಗಿತು. ಗಾಜು ಕಪ್ಪಾಯಿತು. ಪಕ್ಕದವರು ಮಲಗಿದರು. ಬಾಯಿ ಒಣಗಿತು. ಆಗ ಅವನಿಗೆ ಎಲ್ಲವೂ ತಿಳಿಯಿತು. ತಿಳಿದು ಯಾರಿಗೆ ಏನಾಗಬೇಕಿತ್ತು? ಅಕ್ಕ ಅವನ ಪಾದದ ಕೆಳಗೆ, ಸಾಮಾನಿನ ಜೊತೆ ಮಲಗಿದ್ದಳು.

ಕಥೆ ಇಷ್ಟೇ.

ಈಗ ನೀವು ‘ಅಯ್ಯೋ ಪಾಪ’ ಎನ್ನುತ್ತೀರಿ. ‘ನಾವೆಲ್ಲಿ ವಿಮಾನ ಹತ್ತುತ್ತೇವೆ’ ಎಂದೂ ಅನ್ನುತ್ತೀರಿ. ಇರಲಿ. ಇಲ್ಲಿ ಹೊಸ ಮನೆ ಕಟ್ಟಿಸಿದವರು ಬಹಳ ಜನ ಇದ್ದೀರಿ. ನೀವು ಕೂರುವ ಕೋಣೆಗೆ ಎರಡೆರಡು ಫ್ಯಾನು ಹಾಕಿಸಿದ್ದೀರಿ. ಅಡುಗೆಮನೆಗೆ ಫ್ಯಾನು ಹಾಕಿಸಿದವರು ಕೈ ಎತ್ತಿ ನೋಡೋಣ.

ನೋಡಿ. ಎಷ್ಟು ಕೈ ಇವೆ, ನೀವೇ ನೋಡಿ.

ಮನೆಯೊಳಗೂ ಪರದೆ ಇದೆ. ಪರದೆಯ ಈಚೆ ನಿಂತು ನಾವು ಕೇಳುತ್ತೇವೆ: ಊಟ ಆಯ್ತಾ? ಆರಾಮ ಇದ್ದೀಯಾ? ಬಾಗಿಲಲ್ಲಿ ನಿಂತು ಕೇಳುತ್ತೇವೆ, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳುತ್ತೇವೆ. ನಿಂತು ಕೇಳಿದವರಿಗೆ ಯಾರು ನಿಜ ಹೇಳುತ್ತಾರೆ? ನಿಂತವನು ಹೊರಡುವವನು ಎಂದು ಎಲ್ಲರಿಗೂ ಗೊತ್ತು.

ಆದ್ದರಿಂದ ಇವತ್ತು ಮನೆಗೆ ಹೋಗಿ ಯಾರನ್ನೂ ಏನೂ ಕೇಳಬೇಡಿ. ಮೊದಲು ಅವರ ಜಾಗದಲ್ಲಿ ಕುಳಿತುಕೊಳ್ಳಿ. ಒಲೆಯ ಮುಂದೆ ಒಂದು ಹೊತ್ತಿನ ರೊಟ್ಟಿ ಮುಗಿಯುವ ತನಕ ಕುಳಿತುಕೊಳ್ಳಿ. ಅತ್ತೆಗೆ ಕೊಟ್ಟ ಹಾಸಿಗೆಯ ಮೇಲೆ ಬೆನ್ನು ಚಾಚಿ ನೋಡಿ. ಮನೆಗೆಲಸದವಳಿಗೆ ಚಹಾ ಕೊಡುವ ಮೆಟ್ಟಿಲ ಮೇಲೆ ಕುಳಿತು ನಿಮ್ಮ ಚಹಾ ಕುಡಿಯಿರಿ. ಮೊಣಕಾಲಿಗೆ ಏನು ತಾಗುತ್ತದೆಯೋ ತಾಗಲಿ. ಆಮೇಲೆ, ಅಲ್ಲಿಯೇ ಕುಳಿತು ಕೇಳಿ.

ತಾಯಂದಿರೆ, ಅಕ್ಕಂದಿರೆ, ನಿಮಗೂ ಒಂದು ಮಾತಿದೆ. ನೀವು ತಲೆ ಅಲ್ಲಾಡಿಸುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದೀರಿ, ನನಗೆ ಕಾಣುತ್ತಿದೆ. ಆ ಅಕ್ಕ ದೊಡ್ಡವಳು ನಿಜ. ಆದರೆ ಅವಳ ಹಾಗೆ ಆಗಬೇಡಿ. ನೋವಿದ್ದರೆ ‘ಆರಾಮ ಅದೀನಿ’ ಎನ್ನಬೇಡಿ. ನಿಮ್ಮ ಆ ಒಂದು ಮಾತಿನ ಮೇಲೆ ತಲೆಯಿಟ್ಟು ನಿಮ್ಮವರು ನಿದ್ದೆ ಹೋಗುತ್ತಾರೆ. ಆಮೇಲೆ ಜನ್ಮವಿಡೀ ನಿದ್ದೆ ಇಲ್ಲದೆ ಕೂರುತ್ತಾರೆ. ತೋಳು ಹಿಡಿದು ಅಲುಗಿಸಿ. ಬೈದರೆ ಬೈಯಲಿ. ಎಬ್ಬಿಸಿ.