ಒಳಜೇಬಿನ ಹೆಸರುಗಳು

ಒಂದಾನೊಂದು ಊರಲ್ಲಿ ಒಬ್ಬ ಮಾತಿನ ಮಲ್ಲ, ಅವನಿಗೊಂದೇ ಕೋಟು. ಅಜ್ಜಿಯಾಗಿದ್ದರೆ ಹೀಗೇ ಶುರುಮಾಡುತ್ತಿದ್ದಳು ಎಂದುಕೊಂಡಳು, ಹೊಲಿಗೆ ಅಂಗಡಿಯಲ್ಲಿ ಬಟ್ಟೆಗಾಗಿ ಕಾಯುತ್ತಿದ್ದ ಹುಡುಗಿ. ಹೊಲಿಗೆಯಾಕೆ ಆ ಕೋಟಿನ ಒಳಜೇಬಿಗೆ ಹೆಸರು ಹೊಲಿಯುತ್ತಿದ್ದಳು. ಹೊಲಿಗೆಯಾಕೆಯ ತಂಗಿ ಕೂತಲ್ಲಿ ಕೂರದೆ ಚಡಪಡಿಸುತ್ತಿದ್ದಳು.

"ಈ ಸಲ ಯಾರ ಹೆಸರೇ ಅಕ್ಕ?"

"ಗಿರಣಿ ಯಜಮಾನರ ಮಗಳದು. ಪ್ರೀತಿಯ ಗುರುತು ಅಂತ ಸಂಜೆಯೊಳಗೆ ಕೋಟನ್ನ ಅವಳ ಕೈಗೇ ತಲುಪಿಸ್ಬೇಕಂತೆ. ಮಾತು ಕೊಟ್ಟಿದೀನಿ."

"ಮೇಷ್ಟ್ರ ಮಗಳಿಂದ ಕೆಲಸ ಗಿಟ್ಟಿಸ್ಕೊಂಡ, ಡಾಕ್ಟರ ತಂಗಿಯಿಂದ ದೊಡ್ಡವರ ಪರಿಚಯ. ಈಗ ಗಿರಣಿ!"

"ಎಲ್ಲರಿಗಿಂತ ಮೊದಲು ನಾನು. ಈ ಕೋಟೇ ನಾನು ಹೊಲಿದು ಕೊಟ್ಟಿದ್ದು."

"ಪ್ರತಿ ಸಲ ಹಳೇ ಹೆಸರು ಬಿಚ್ಚಿ ಕೊಟ್ಯಲ್ಲ, ಪೆದ್ದಿ! ಈಗ್ಲೂ ಬಿಚ್ಚಿದ್ಯಾ?"

"ಇಲ್ವೇ. ಬಿಚ್ಚಿದ್ದನ್ನೆಲ್ಲ ಮತ್ತೆ ಹೊಲಿದೆ. ನಂದು ಮೇಲೆ, ಅವಳದು ಕೊನೇಲಿ."

ಹಲ್ಲಿನಿಂದ ದಾರ ಕಡಿದು, ಕೋಟು ಮಡಿಸಿ, ಅಕ್ಕತಂಗಿಯರು ಎದುರಿನ ಗಿರಣಿಮನೆಯತ್ತ ನಡೆದರು. ಹುಡುಗಿ ಅಂಗಡಿ ಬಾಗಿಲಲ್ಲೇ ನಿಂತು ನೋಡಿದಳು: ಯಜಮಾನರ ಮಗಳು ಕೈಚಾಚಿ ಕೋಟು ತೆಗೆದುಕೊಂಡಳು.